ಎರಡನೇ ಕ್ಲಾಸಿನ ಅರ್ಧ ಸಾಲುಗಳು

ಶಾಲೆಯ ಸುದ್ದಿಪತ್ರ ಎರಡು ದಿನದಿಂದ ಫ್ರಿಜ್ಜಿನ ಮೇಲೆ ಬಿದ್ದಿತ್ತು. ‘ಶರತ್ಕಾಲದ ಸುದ್ದಿ’ ಎಂದು ದಪ್ಪ ಅಕ್ಷರ, ಸುತ್ತ ಉದುರುವ ಎಲೆಗಳ ಚಿತ್ರ. ‘ಸುದ್ದಿ’ಗೆ ಜಾಗ ಸಾಲದೆ ಅದು ಮೂಲೆಗೆ ಒತ್ತರಿಸಿಕೊಂಡು ನಿಂತಿತ್ತು. ನಾನು ಬೋರ್ಡು ಬರೆಯುವವನು. ನಾನು ಹೀಗೆ ಬರೆದಿದ್ದರೆ ನಮ್ಮ ಮೇಸ್ತ್ರಿ ಬ್ರಷ್ಷಿನ ಹಿಡಿಯಿಂದಲೇ ಗೆಣ್ಣಿಗೆ ಬಾರಿಸುತ್ತಿದ್ದ.

ಒಳಗೆ ಒಂದೊಂದು ತರಗತಿಯದೂ ಒಂದೊಂದು ಸುದ್ದಿ. ಒಂದನೇ ಕ್ಲಾಸಿನವರು ಎಲೆ ಆರಿಸಿ ಕಾಗದಕ್ಕೆ ಅಂಟಿಸಿದರಂತೆ. ಮೂರನೆಯವರು ಹಗಲು ಎಷ್ಟು ಚಿಕ್ಕದಾಗುತ್ತಿದೆ ಎಂದು ದಿನಾ ನೆರಳು ಅಳೆಯುತ್ತಿದ್ದಾರಂತೆ. ಎರಡನೇ ಕ್ಲಾಸಿನವರು ಕೇಳಿ ಬರೆಯುವುದನ್ನು ಕಲಿಯುತ್ತಿದ್ದಾರೆ. ಬರವಣಿಗೆಯಲ್ಲಿ ಹಿಂದುಳಿದವರು ಸೋಮವಾರದಿಂದ ವಿಶೇಷ ಕೋಣೆಯಲ್ಲಿ ಕೂರುತ್ತಾರೆ. ಕೆಳಗೆ ಪಿನ್ನು ಹೊಡೆದ ಒಂದು ಚೀಟಿ. ಅದರಲ್ಲಿ ನಮ್ಮ ಮೆಣಸಿನ ಹೆಸರು. ಮನೆಯವರು ಶುಕ್ರವಾರ ಮೂರು ಗಂಟೆಗೆ ಬಂದು ಸಹಿ ಹಾಕಬೇಕು.

ಮೆಣಸು ಅಂದರೆ ಅಕ್ಕನ ಮಗಳು. ಹುಟ್ಟಿದಾಗ ಕಾಳಿನಷ್ಟಿದ್ದಳು, ಬಾಯಿ ಮಾತ್ರ ಆಗಲೇ ಖಾರ. ಭಾವ ಲಾರಿ ಓಡಿಸುತ್ತಾನೆ, ಮನೆಗೆ ವಾರಕ್ಕೊಮ್ಮೆ ನೆಂಟನ ಹಾಗೆ ಬರುತ್ತಾನೆ. ಅಕ್ಕನದು ಬಟ್ಟೆ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯುವ ಕೆಲಸ. ಹಾಗಾಗಿ ಎರಡು ವರ್ಷದಿಂದ ಮೆಣಸನ್ನು ಸಂಜೆ ನೋಡಿಕೊಳ್ಳುವುದು, ಅಕ್ಷರ ತಿದ್ದಿಸಿದ್ದು ಎಲ್ಲ ನಾನೇ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ಮೇಷ್ಟರಾದ ಎಂದು ಭಾವ ನಗುತ್ತಿದ್ದ. ನಗಲಿ. ನನ್ನ ಅಕ್ಷರ ನೋಡಿ ಬ್ಯಾಂಕಿನವರೂ ಬೋರ್ಡು ಬರೆಸಿದ್ದಾರೆ.

ಚೀಟಿ ಓದಿದ ಮೇಲೆ ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅವಳಿಗೆ ಕಿವಿ ಕೇಳಿಸುತ್ತಿಲ್ಲವೇನೋ, ಡಾಕ್ಟರಿಗೆ ತೋರಿಸೋಣವೇ ಎಂದಳು. ನೀನೇ ಹೋಗಿ ಸಹಿ ಹಾಕಿಬಿಡು, ಕೂಗಾಡಿ ಬರಬೇಡ ಎಂದೂ ಹೇಳಿದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ನಮ್ಮಕ್ಕ. 

ಆ ವಿಶೇಷ ಕೋಣೆ ಯಾವುದೆಂದು ನನಗೆ ಗೊತ್ತು. ನಾನು ಓದಿದ ಅದೇ ಶಾಲೆ, ಅದೇ ಕೋಣೆ. ನೀರಿನ ಟ್ಯಾಂಕಿನ ಪಕ್ಕ, ಒಂದೇ ಕಿಟಕಿ. ಒಂದರಿಂದ ಐದರವರೆಗೆ ಯಾರ್ಯಾರು ದಡ್ಡರೆನಿಸಿದರೋ ಎಲ್ಲರನ್ನೂ ಒಟ್ಟಿಗೆ ಕೂರಿಸುತ್ತಾರೆ. ಒಂದು ತಿಂಗಳ ಮಟ್ಟಿಗೆ ಎಂದು ಕಳಿಸಿದ್ದರು ನನ್ನನ್ನು, ಎರಡು ವರ್ಷ ಕೂತೆ. ಹೊರಗೆ ಬಂದಾಗ ನನ್ನ ವಾರಿಗೆಯವರ ಪುಸ್ತಕ ನನಗೆ ಅರ್ಥವಾಗುತ್ತಿರಲಿಲ್ಲ. ಆರನೇ ಕ್ಲಾಸನ್ನು ಹೇಗೋ ತಳ್ಳಿ, ಮನೆಗೆ ಬಂದು ಬ್ಯಾಗು ಬಿಸಾಡಿದೆ. ಈಗ ಮೆಣಸಿನ ಸರದಿ.

ಶುಕ್ರವಾರ ಒಂದು ಅಂಗಡಿಯ ಶಟರ್ ಮೇಲೆ ಬರೆಯುತ್ತಿದ್ದ ಹೆಸರನ್ನು ಅರ್ಧಕ್ಕೇ ಬಿಟ್ಟು ಹೊರಟೆ. ದಾರಿಯುದ್ದಕ್ಕೂ ಟೀಚರಿಗೆ ಏನೇನು ಹೇಳಬೇಕೆಂದು ಬಾಯಿಪಾಠ ಮಾಡಿದೆ. ಮೊದಲು ಮರ್ಯಾದೆಯ ಮಾತು, ಆಮೇಲೆ ಉಳಿದದ್ದು. ಶಾಲೆಯ ಅಂಗಳದಲ್ಲಿ ಒಣಗಿದೆಲೆ ಗುಡ್ಡೆ ಹಾಕಿದ್ದರು. ಮಕ್ಕಳು ಅದನ್ನು ಒದ್ದು ಚೆಲ್ಲುತ್ತಿದ್ದರು, ಆಯಾ ಬೈದುಕೊಂಡು ಮತ್ತೆ ಗುಡಿಸುತ್ತಿದ್ದಳು. 

ಕ್ಲಾಸು ಖಾಲಿಯಾಗಿತ್ತು. ಟೀಚರ್ ನಲವತ್ತು ದಾಟಿದ ಹೆಂಗಸು, ಗಂಟಲು ಕಟ್ಟಿತ್ತು. ಮುಂದಿನ ಬೆಂಚಿನ ತುದಿಯಲ್ಲಿ ಮೆಣಸು ಕಾಲು ನೇತಾಡಿಸಿಕೊಂಡು ಕೂತಿದ್ದಳು. ನನ್ನನ್ನು ಕಂಡೂ ನಗಲಿಲ್ಲ. ನನಗೆ ತೋರಿಸಿದ್ದು ಮಕ್ಕಳ ಬೆಂಚು. ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತೆ. ಹಾಗೆ ಕೂತು ಯಾರೊಂದಿಗಾದರೂ ಜಗಳ ಆಡಿ ನೋಡಿ, ಆಗುವುದಿಲ್ಲ.

ಟೀಚರ್ ನಿಧಾನವಾಗಿ ಹೇಳಿದರು. ಹುಡುಗಿ ಓದುತ್ತಾಳೆ, ಲೆಕ್ಕವೂ ಪರವಾಗಿಲ್ಲ. ವಾಕ್ಯ ಹೇಳಿ ಬರೆಯಿರಿ ಎಂದರೆ ಮಾತ್ರ ಡೆಸ್ಕಿನ ಕೆಳಗೆ ಬೆರಳು ಮುಟ್ಟಿಕೊಳ್ಳುತ್ತಾ ಕೂತುಬಿಡುತ್ತಾಳೆ. ಗಂಟೆ ಹೊಡೆಯುವಷ್ಟರಲ್ಲಿ ಎಲ್ಲರದೂ ಮುಗಿದಿರುತ್ತದೆ, ಇವಳದು ಎರಡು ಮೂರು ಅಕ್ಷರ. ಅದಕ್ಕೂ ತಲೆ ಬುಡ ಇರುವುದಿಲ್ಲ. ಕಿವಿ ಸರಿಯಿದೆಯೇ, ಮನೆಯಲ್ಲಿ ಏನಾದರೂ ಗಲಾಟೆಯೇ ಎಂದೂ ಕೇಳಿದರು. ಆಮೇಲೆ ನೋಟುಪುಸ್ತಕ ನನ್ನ ಕಡೆ ತಿರುಗಿಸಿದರು.

ಹೇಳಿದ ವಾಕ್ಯ ‘ಗಾಳಿಗೆ ಎಲೆಗಳು ಉದುರುತ್ತವೆ.’ ಪುಸ್ತಕದಲ್ಲಿದ್ದದ್ದು ‘ಲೆಗಳು.’ ಮುಂದಿನದು ‘ಬಿಸಿಲು ಬೇಗ ಇಳಿಯುತ್ತದೆ.’ ಇದ್ದದ್ದು ‘ಬೇಗ ಇ.’ ಹಕ್ಕಿಗಳು ದೂರ ಹಾರಿ ಹೋಗುತ್ತವೆ ಎಂಬುದಕ್ಕೆ ಬರೀ ‘ರ ಹಾ.’ ಎಲ್ಲದರ ಮೇಲೂ ಕೆಂಪು ಗೀಟು.

ನಾನು ಪುಟ ಹಿಂದೆ ಮುಂದೆ ತಿರುವಿದೆ. ಅಕ್ಷರ ಒಂದೊಂದೂ ಮುತ್ತಿನ ಹಾಗಿದ್ದವು. ಎಲ್ಲವೂ ಸಾಲಿನ ನಟ್ಟನಡುವೆ, ಎಡಕ್ಕೂ ಬಲಕ್ಕೂ ಅಳೆದಂತೆ ಒಂದೇ ಸಮ ಖಾಲಿ ಬಿಟ್ಟು. ಇದು ನನಗೆ ಗೊತ್ತಿದ್ದ ಲೆಕ್ಕ.

ಬೋರ್ಡಿನಲ್ಲಿ ಮೊದಲ ಅಕ್ಷರದಿಂದ ಶುರು ಮಾಡುವವನು ಮುಟ್ಠಾಳ. ಹಾಗೆ ಹೊರಟರೆ ಕೊನೆಯಲ್ಲಿ ಜಾಗ ಸಾಲದು, ಅಂಗಡಿಯ ಹೆಸರು ಗೋಡೆಗೆ ಮುಖ ಕೊಟ್ಟು ನಿಲ್ಲುತ್ತದೆ. ಅದಕ್ಕೇ ಅಕ್ಷರ ಎಣಿಸಬೇಕು, ಪದಗಳ ನಡುವಿನ ಸಂದನ್ನೂ ಒಂದೆಂದು ಎಣಿಸಬೇಕು, ನಡು ಹುಡುಕಿ ಮೊದಲು ಅದನ್ನು ಕೂರಿಸಬೇಕು. ಆಮೇಲೆ ಬಲಕ್ಕೊಂದು, ಎಡಕ್ಕೊಂದು. ನಾನು ಸ್ಲೇಟಿನ ಮೇಲೆ ಮೆಣಸಿಗೆ ಕಲಿಸಿದ್ದು ಇದನ್ನೇ. ನನಗೆ ಬರುವುದು ಇದೊಂದೇ.

ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಕೆಲಸಕ್ಕೆ ಬಾರದಾಯಿತು. ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ಇಲ್ಲಿ ಮಾಡಿದವನು ನಾನು, ಉಣ್ಣುತ್ತಿದ್ದವಳು ಅವಳು. ಹೇಳದೆ ಸುಮ್ಮನಿದ್ದು ಸಹಿ ಹಾಕಿ ಹೋಗಬಹುದಿತ್ತು. ಒಂದು ಗಳಿಗೆ ಹಾಗೆ ಅನ್ನಿಸಿತು ಕೂಡ, ಸುಳ್ಳು ಯಾಕೆ ಹೇಳಲಿ.

“ಟೀಚರ್, ಗಡಿಯಾರ ನೋಡದೆ ಒಂದು ವಾಕ್ಯ ಹೇಳಿ ಇವಳಿಗೆ,” ಎಂದೆ. “ಅವಳ ಕೈ ನೋಡ್ತಾ ಇರಿ. ಪುಸ್ತಕ ಅಲ್ಲ, ಕೈ.”

ಟೀಚರ್ ನನ್ನ ಮುಖ ನೋಡಿದರು. ಆಮೇಲೆ ‘ಹಗಲು ಚಿಕ್ಕದಾಗುತ್ತಿದೆ’ ಎಂದರು. ಮೆಣಸಿನ ಬೆರಳು ಡೆಸ್ಕಿನ ಕೆಳಗೆ ಓಡಾಡಿತು, ತುಟಿ ಅಲುಗಿತು. ಸಾಲಿನ ನಡುವೆ ‘ಚಿಕ್ಕ’ ಎಂದು ಬರೆದಳು. ಬಲಕ್ಕೆ ‘ದಾ’, ಎಡಕ್ಕೆ ಒಂದು ಬೆರಳಿನ ಸಂದು. ಬಲಕ್ಕೆ ‘ಗು’, ಎಡಕ್ಕೆ ‘ಲು’. ಕೊನೆಗೆ ಈ ತುದಿಯಲ್ಲಿ ‘ದೆ’, ಆ ತುದಿಯಲ್ಲಿ ‘ಹ’. ಒಂದು ಕೂದಲೆಳೆಯಷ್ಟೂ ಓರೆಯಿರಲಿಲ್ಲ.

ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಇದನ್ನು ಯಾರು ಕಲಿಸಿದ್ದು ಎಂದು ಕೇಳಿದರು. ನಾನು ಎಂದೆ. ನನ್ನ ಕೆಲಸ ಹೇಳಿದೆ, ಟ್ಯಾಂಕಿನ ಪಕ್ಕದ ಕೋಣೆಯಲ್ಲಿ ನಾನು ಕೂತದ್ದನ್ನೂ ಹೇಳಿದೆ. ದನಿ ಏರುತ್ತಿರುವುದು ನನಗೇ ಗೊತ್ತಾಗುತ್ತಿತ್ತು.

“ಕೇಳಿ ಬರೆಯೋದು ಶುರುವಾಗಿ ಎರಡು ತಿಂಗಳಾಯ್ತು ಟೀಚರ್. ಒಂದು ದಿನನೂ ಯಾರೂ ಈ ಮಗು ಹೇಗೆ ಬರೀತಿದೆ ಅಂತ ನೋಡ್ಲಿಲ್ವಾ?”

“ನಲವತ್ತೆರಡು ಮಕ್ಕಳಪ್ಪಾ,” ಎಂದರು. ಕನ್ನಡಕ ಹಾಕಿಕೊಂಡು, “ನಿಮಗೆ ಒಬ್ಬಳೇ. ನೀವೂ ನೋಡ್ಲಿಲ್ಲ.”

ಕಪಾಳಕ್ಕೆ ಬಿದ್ದಂತಾಯಿತು. ಸಂಜೆ ಅವಳು ಮನೆಪಾಠ ಬರೆಯುವಾಗ ನಾನು ಬ್ರಷ್ಷು ತೊಳೆಯುತ್ತಿರುತ್ತೇನೆ. ಮುಗಿದ ಮೇಲೆ ನೋಡಿ, ಭೇಷ್ ಅನ್ನುತ್ತೇನೆ.

ಇವಳಿಗೆ ಬರೆಯಲು ಬರುತ್ತದೆ ಎನ್ನುವುದೇನೋ ಸರಿ, ಆದರೆ ಪರೀಕ್ಷೆಯ ಗಡಿಯಾರ ಇವಳಿಗಾಗಿ ಕಾಯುವುದಿಲ್ಲ ಎಂದರು ಟೀಚರ್. ಸಂಜೆಯೊಳಗೆ ವಿಶೇಷ ಕೋಣೆಯ ಪಟ್ಟಿ ಹೆಡ್‌ಮೇಡಂ ಕೈಗೆ ಹೋಗಬೇಕು. ಎಡಗಡೆಯಿಂದ ಶುರು ಮಾಡಿ, ಹೊತ್ತಿನೊಳಗೆ ಒಂದು ಪೂರ್ತಿ ಸಾಲು ಬರೆದು ತೋರಿಸಿದರೆ ಇಲ್ಲೇ ಇಟ್ಟುಕೊಳ್ಳುತ್ತೇನೆ. ಇಲ್ಲವಾದರೆ ನನ್ನ ಕೈಯಲ್ಲೂ ಏನಿಲ್ಲ ಎಂದರು.

ಮೆಣಸು ಟೀಚರನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

“ನಾನು ಹೇಳಿಕೊಟ್ಟಿದ್ದು ಬೋರ್ಡಿಗೆ ಕಣೇ,” ಎಂದೆ. “ಪುಸ್ತಕಕ್ಕೆ ಬೇರೆ.”

“ಕೊನೇಲಿ ಜಾಗ ಸಾಲದಿದ್ರೆ ಮಾಮ?”

“ಕೆಳಗಿನ ಗೆರೆಗೆ ಇಳಿ. ಪುಸ್ತಕದಲ್ಲಿ ಕೆಳಗೂ ಜಾಗ ಇರುತ್ತೆ.”

ಅವಳಿಗೆ ನಂಬಿಕೆ ಬರಲಿಲ್ಲ. ಮುಖದಲ್ಲೇ ಕಾಣುತ್ತಿತ್ತು.

ಟೀಚರ್ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ‘ಮರದ ಕೆಳಗೆ ಬಿದ್ದ ಎಲೆಗಳನ್ನು ಮಕ್ಕಳು ಆರಿಸಿ ತಂದರು’ ಎಂದು ಎರಡು ಸಲ ಹೇಳಿದರು. ಮೆಣಸಿನ ಬೆರಳು ಅಭ್ಯಾಸಬಲದಿಂದ ಎಣಿಸತೊಡಗಿತು. ನಾನು ಕೆಮ್ಮಿದೆ. ಬೆರಳು ನಿಂತಿತು. ಸಾಲಿನ ಎಡತುದಿಗೆ ಪೆನ್ಸಿಲ್ ಒಯ್ದು, ಬಾವಿಗೆ ಇಣುಕುವವಳ ಹಾಗೆ ತಡೆದು, ‘ಮ’ ಬರೆದಳು. ಆಮೇಲೆ ‘ರ’. ಎಲೆಗಳನ್ನು ಎಂಬಲ್ಲಿಗೆ ಬರುವಷ್ಟರಲ್ಲಿ ಅರ್ಧ ಹೊತ್ತು ಕಳೆದಿತ್ತು. ಅಕ್ಷರ ಡೊಂಕಾದವು, ದಪ್ಪ ತೆಳು ಆದವು. ಅಂಥ ಕೆಟ್ಟ ಅಕ್ಷರವನ್ನು ಅವಳು ಹುಟ್ಟಿದ ಮೇಲೆ ಬರೆದಿರಲಿಲ್ಲ. ‘ತಂದ’ ಎಂಬಲ್ಲಿಗೆ ಪುಟದ ಅಂಚು ಬಂತು. ಪೆನ್ಸಿಲ್ ಗಾಳಿಯಲ್ಲಿ ನಿಂತಿತು.  ನಾನು ಬೆಂಚಿನ ಅಂಚನ್ನು ಹಿಡಿದುಕೊಂಡೆ. ಹೇಳಿಕೊಟ್ಟರೆ ಮುಗಿಯಿತು, ಲೆಕ್ಕಕ್ಕೆ ಬರುವುದಿಲ್ಲ.

ಅವಳು ಕೆಳಗಿನ ಗೆರೆಗೆ ಇಳಿದು ಒಂಟಿ ‘ರು’ ಬರೆದು, ಪೆನ್ಸಿಲ್ ಕೆಳಗಿಟ್ಟಳು.

ಟೀಚರ್ ಗಡಿಯಾರ ಕಟ್ಟಿಕೊಂಡರು. ಪಟ್ಟಿಯಲ್ಲಿದ್ದ ಅವಳ ಹೆಸರು ಹೊಡೆದುಹಾಕಿ, ಪಕ್ಕದಲ್ಲಿ ‘ಮೂರು ವಾರ’ ಎಂದು ಬರೆದರು. ಅಲ್ಲಿಯವರೆಗೆ ಇದೇ ಬೆಂಚು, ಆಮೇಲೆ ಮತ್ತೊಂದು ಪರೀಕ್ಷೆ ಎಂದರು. ಥ್ಯಾಂಕ್ಸ್ ಅನ್ನಬೇಕಿತ್ತೇನೋ. ನಾನು ತಲೆಯಾಡಿಸಿದೆ, ಅಷ್ಟೆ.

ಹೊರಗೆ ಬಂದು ಎರಡು ಬೀದಿ ದಾಟುವವರೆಗೂ ಮೆಣಸು ನನ್ನ ಕೈ ಹಿಡಿದೇ ಇದ್ದಳು. ಅಂಗಡಿ ಬೋರ್ಡುಗಳನ್ನು ನೋಡುತ್ತಾ ನಡೆದಳು. ಆಮೇಲೆ ನನ್ನ ಕೈ ಬಿಡಿಸಿಕೊಂಡು ಕೇಳಿದಳು.

“ನೀನು ಹೇಳ್ಕೊಟ್ಟಿದ್ದೆಲ್ಲ ತಪ್ಪಾ ಮಾಮ?”

“ಎಲ್ಲ ಅಲ್ಲ.”

“ಮತ್ತೆ ಯಾವ್ಯಾವುದು ಸರಿ? ಈಗ್ಲೇ ಹೇಳ್ಬಿಡು. ಸೋಮವಾರದೊಳಗೆ ನಂಗೆ ಗೊತ್ತಾಗ್ಬೇಕು.”