ಪ್ರೀತಿಯ ಹೆಸರಿನಲ್ಲೊಂದು ಬೈಕು

"ನಾಚ್ಕೆ ಆಗಲ್ವೇನಮ್ಮ? ಬೈಕ್ ಸಾಲ ನುಂಗಿ ನೀರು ಕುಡ್ದು, ಈಗ ಕ್ರೆಡಿಟ್ ಕಾರ್ಡ್ ಬೇಕಂತೆ!"

ಬ್ಯಾಂಕಿನ ಅಧಿಕಾರಿ ಅರ್ಜಿಯನ್ನು ಪ್ರೀತಿಯ ಕಡೆಗೆ ಎಸೆದ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಸರ್ಕಾರ ಸ್ಕಾಲರ್‌ಶಿಪ್ ಕೊಡ್ತೈತೆ, ಹಾಸ್ಟೆಲ್ ಕೊಡ್ತೈತೆ. ಆದ್ರೂ ನಿಮ್ಮೋರ ಬುದ್ಧಿ ಅಷ್ಟೇ."

"ನಾನ್ಯಾವ ಬೈಕೂ ತಗಂಡಿಲ್ಲ ಸಾರ್."

ಚಿತ್ರದುರ್ಗದಲ್ಲಿ ಡಿಪ್ಲೊಮಾದ ಕೊನೆಯ ವರ್ಷ ಓದುತ್ತಿದ್ದಳು ಪ್ರೀತಿ. ಪ್ರಾಜೆಕ್ಟಿಗೆ ಲ್ಯಾಪ್‌ಟಾಪ್ ಬೇಕಿತ್ತು. ಕಾರ್ಡಿದ್ದರೆ ಮಾತ್ರ ಕಂತಿನ ಮೇಲೆ ಕೊಡುತ್ತೇನೆಂದಿದ್ದ ಅಂಗಡಿಯವನು.

ಪಕ್ಕದ ಕೌಂಟರಿನ ಯಶೋಧಾ ಅವಳನ್ನು ಕರೆದು ಒಂದು ಹಾಳೆ ಪ್ರಿಂಟ್ ತೆಗೆದುಕೊಟ್ಟಳು. ಪ್ರೀತಿಯ ಹೆಸರು, ಹಿರಿಯೂರಿನ ಒಂದು ಫೈನಾನ್ಸು, ಎಂಟು ತಿಂಗಳ ಬಾಕಿ, ಬೈಕಿನ ನಂಬರು.

"ಹೊರಗೆ ಟೇಬಲ್ ಹಾಕ್ಕಂಡು 'ಸಾಲದ ಸ್ಕೋರ್ ನೋಡಲ್ಲ, ಕಾರ್ಡ್ ಕೊಡ್ತೀನಿ' ಅಂತಾನಲ್ಲ, ಅವನತ್ರ ಹೋಗ್ಬ್ಯಾಡ. ಮೊದ್ಲೇ ಫೀಸ್ ಕಿತ್ಕಂಡು ಆಮೇಲೆ ಬಡ್ಡೀಲಿ ಸುಲೀತಾನೆ. ನಿನ್ ಸ್ಕಾಲರ್‌ಶಿಪ್ ದುಡ್ಡು ಇಲ್ಲೇ ಡಿಪಾಸಿಟ್ ಇಡು, ಅದ್ರ ಮೇಲೆ ಒಂದು ಕಾರ್ಡ್ ಕೊಡ್ತಾರೆ. ಟೈಮಿಗೆ ಕಟ್ಟಿದ್ರೆ ಸ್ಕೋರ್ ಏರ್ತೈತೆ. ಆದ್ರೆ ಈ ಬೈಕ್ ಸಾಲ ಹಿಂಗೇ ಇದ್ರೆ ಏನ್ ಮಾಡಿದ್ರೂ ಅಷ್ಟೇ."

"ಆ ಡಿಪಾಸಿಟ್ ಕಾರ್ಡೇ ಇರ್ಲಿ ಅಕ್ಕ. ಬೈಕ್ ನಾನ್ ನೋಡ್ಕಂತೀನಿ."

ಆ ನಂಬರು ಅವಳಿಗೆ ಗೊತ್ತಿತ್ತು. ತನ್ನೂರು ಆದಿವಾಲದ ಬೀದಿಯಲ್ಲಿ ಆ ಬೈಕಿಗೆ ದಾರಿ ಬಿಡಲು ಎಷ್ಟೋ ಸಲ ಚರಂಡಿಗಿಳಿದು ನಿಂತಿದ್ದಳು.

ಮಧ್ಯಾಹ್ನ ಊರಿನಲ್ಲಿ ಬಸ್ಸಿಳಿದವಳೇ ಪೊಲೀಸರಿಗೆ ಫೋನು ಮಾಡಿ, ನೆಟ್ಟಗೆ ಅಪ್ಪನ ಧಣಿ ಮೂರ್ತಪ್ಪನ ಅಂಗಳಕ್ಕೆ ಹೋದಳು. ಅಪ್ಪ ಓಬಯ್ಯ ಮೂರ್ತಪ್ಪನ ದಾಳಿಂಬೆ ತೋಟಕ್ಕೆ ಔಷಧಿ ಹೊಡೆದು ಬಂದು ಅಲ್ಲಿ ಕ್ಯಾನು ತೊಳೆಯುತ್ತಿದ್ದ. ಹಾಳೆ ತೋರಿಸಿದಾಗ ಅವನ ಕೈ ನಿಂತಿತು.

"ಧಣಿ ಮಗ ನಿನ್ ಆಧಾರ್ ಕೇಳ್ದ, ಕೊಟ್ಟೆ ಕಣವ್ವ. ಅವನ ಹೆಸ್ರಿಗೆ ಎಲ್ಲೂ ಸಾಲ ಹುಟ್ಟಲ್ವಂತೆ."

"ಸ್ಕಾಲರ್‌ಶಿಪ್ ಕಾಗ್ದ ಅಂತ ನನ್ ಕೈಲಿ ಸೈನ್ ಹಾಕ್ಸಿದ್ದು ಇದಕ್ಕೇನಪ್ಪ?"

ಓಬಯ್ಯ ಕ್ಯಾನಿಗೆ ಮತ್ತೆ ನೀರು ಸುರಿದ. ಜಗಲಿಯ ಮೇಲಿದ್ದ ಮೂರ್ತಪ್ಪನ ಮಗ ಪ್ರದೀಪ್ ನಕ್ಕ.

"ಯಾಕ್ಲೇ ಹಾರಾಡ್ತೀಯ? ನಿನ್ ಹೆಸ್ರಿಗೇನ್ ಬೆಲೆ ಇತ್ತು, ಹೋಗಾಕೆ?"

"ನಿನ್ ಹೆಸ್ರಿಗಿಂತ ಜಾಸ್ತಿ ಇತ್ತು. ಅದಕ್ಕೇ ಕದ್ದೆ."

ಬೈಕು ಬೇವಿನ ಮರದಡಿ ನಿಂತಿತ್ತು, ಕೀಲಿ ಅದರಲ್ಲೇ ಇತ್ತು. ಅವಳಿಗೆ ಓಡಿಸಲು ಬರುತ್ತಿರಲಿಲ್ಲ. ಸ್ಟ್ಯಾಂಡು ಒದ್ದು, ಹ್ಯಾಂಡಲ್ ಹಿಡಿದು ತಳ್ಳಿದಳು. ಅದು ಹೆಜ್ಜೆಯಷ್ಟು ಕದಲಿತು.

"ಬಿಡೇ ಬೋಸುಡಿ! ನಮ್ಮನೆ ಕೂಳು ತಿಂದು..." ಪ್ರದೀಪ್ ಜಗಲಿಯಿಂದ ಜಿಗಿದ.

"ಪೊಲೀಸ್ನೋರು ಬರ್ತಾ ಅವ್ರೆ. ಗಾಡಿ ನನ್ ಹೆಸ್ರಲ್ಲೈತೆ. ಮುಟ್ಟು, ನೋಡಾಣ."

ಬೀದಿಯ ಜನ ಗೇಟಿನ ಹತ್ತಿರ ಸೇರಿದ್ದರು. ಒಳಗಿನಿಂದ ಬಂದ ಮೂರ್ತಪ್ಪ ಮಗನ ರಟ್ಟೆ ಹಿಡಿದ. "ಸುಮ್ನಿರಲೇ, ಅಟ್ರಾಸಿಟಿ ಕೇಸ್ ಹಾಕಿದ್ರೆ ಬೇಲೂ ಸಿಗಲ್ಲ." ಆಮೇಲೆ ಓಬಯ್ಯನ ಕಡೆ ತಿರುಗಿದ. "ಲೇ ಓಬ, ಗಾಡಿ ಬಿಡ್ಸು. ಇಲ್ಲಾಂದ್ರೆ ನಾಳೆಯಿಂದ ತೋಟಕ್ಕೆ ಕಾಲಿಡಬ್ಯಾಡ ಬೋಳಿಮಗನೆ."

ಓಬಯ್ಯ ಒದ್ದೆ ಕೈಗಳನ್ನು ಟವೆಲ್ಲಿಗೆ ಒರೆಸಿಕೊಂಡು ಬಂದ. ಬೈಕಿನ ಹಿಂಬದಿಗೆ ಎರಡೂ ಕೈ ಹಾಕಿದ. ಎಳೆಯುತ್ತಾನೆಂದು ಪ್ರೀತಿ ಹ್ಯಾಂಡಲನ್ನು ಇನ್ನೂ ಬಿಗಿಯಾಗಿ ಹಿಡಿದಳು.

ಅವನು ತಳ್ಳಿದ.

ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಊರು ದಾಟುವ ಹೊತ್ತಿಗೆ ಇಬ್ಬರೂ ಬೆವರಿನಲ್ಲಿ ತೊಯ್ದಿದ್ದರು. ಪೊಲೀಸರ ಸುಳಿವಿರಲಿಲ್ಲ.

"ಎಲ್ಲೀ ತನ್ಕ ತಳ್ಳಾಣವ್ವ?"

"ಹಿರಿಯೂರಿಗೆ. ಫೈನಾನ್ಸ್ನೋರಿಗೆ ಒಪ್ಸಿ, ರಸೀದಿ ಇಸ್ಕಂಡು, ನನ್ ಸೈನ್ ಹೆಂಗ್ ತಗಂಡ್ರು ಅಂತ ಬರ್ಕೊಟ್ಟು ಬರಾಣ."

ಹಿಂದೆ ಊರಿನ ಕಡೆಯಿಂದ ಎರಡು ಬೈಕುಗಳ ಸದ್ದು ಶುರುವಾಯಿತು. ಹತ್ತಿರ ಬಂದ ಬೈಕುಗಳು ಮುಂದೆ ಹೋಗಲಿಲ್ಲ, ಅವರ ನಡಿಗೆಯ ವೇಗದಲ್ಲೇ ಹಿಂಬಾಲಿಸಿದವು. ಓಬಯ್ಯ ತಿರುಗಲು ಹೋದ.

"ನೋಡ್ಬ್ಯಾಡಪ್ಪ, ತಳ್ಳು."