ಮುಡಿಯಬಾರದ ಸೇವಂತಿಗೆ

ನಾನು ಮುಡಿಗೆ ಹೂ ಇಟ್ಟುಕೊಂಡು ಬೀದಿಗಿಳಿದದ್ದೇ ತಡ, ಇಟಲಿಯ ಒಂದು ಇಡೀ ಊರು ಎದ್ದು ನಿಂತಿತು. ಗಂಡಸರು ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು. ಹೆಂಗಸರು ಹಣೆ, ಎದೆ ಮುಟ್ಟಿಕೊಂಡರು. ಗೋಪುರದ ಗಂಟೆ ಹೊಡೆಯಿತು. ಪಾರಿವಾಳಗಳು ಕೂಡ ಕಾಳು ಹೆಕ್ಕುವುದನ್ನು ಬಿಟ್ಟು ನನ್ನನ್ನೇ ನೋಡಿದವು. ಇದರಲ್ಲಿ ಅರ್ಧ ಸುಳ್ಳು. ಆ ಗಂಟೆ ದಿನವೂ ಅದೇ ಹೊತ್ತಿಗೆ ಹೊಡೆಯುತ್ತದಂತೆ, ಪಾರಿವಾಳ ನಾನು ಸೇರಿಸಿದ್ದು. ಆದರೆ ಟೋಪಿ ತೆಗೆದದ್ದು ನಿಜ, ಹೂವೂ ನಿಜ. ಅಂಗೈಯಗಲದ ಹಳದಿ ಸೇವಂತಿಗೆ. ಆ ಹೂವಿನ ದೆಸೆಯಿಂದಲೇ ನಮ್ಮ ನಂಜಮ್ಮನ ಅಪ್ಪ ಎರಡನೆಯ ಸಲ ಸತ್ತ.

ನಾವು ನಾಲ್ವರು ಗೆಳತಿಯರು. ಸಂಜೆಯ ಹೊತ್ತು ಒಂದೇ ಕಟ್ಟೆಯ ಮೇಲೆ ಕೂತು ಊರವರ ಸುದ್ದಿಯನ್ನೆಲ್ಲ ಅರೆದು ಕುಡಿದವರು. ಶಾಲೆಯ ಮೇಡಂ ಆಗಿ ನಿವೃತ್ತಿಯಾಗಿದ್ದ ವಿಶಾಲಾಕ್ಷಿ, ಮಂಡಿ ನೋವಿನ ಕೆಂಚಮ್ಮ, ನಾನು, ನಂಜಮ್ಮ. ವಿಶಾಲಾಕ್ಷಿಯ ಅಳಿಯ ಜನರನ್ನು ದೇಶ ಸುತ್ತಿಸುವ ಕೆಲಸದಲ್ಲಿದ್ದ. ಅವನ ಕಡೆಯಿಂದ ಇಟಲಿಗೆ ಹೊರಟೆವು. ನೀರಿನ ಮೇಲೆ ನಿಂತ ಊರು ನೋಡಿದೆವು, ಕುಡಿದವನ ಹಾಗೆ ವಾಲಿಕೊಂಡ ಗೋಪುರ ನೋಡಿದೆವು, ಹಿಂದೆ ಮನುಷ್ಯರನ್ನು ಸಿಂಹಕ್ಕೆ ಹಾಕುತ್ತಿದ್ದ ದುಂಡಗಿನ ಹಾಳು ಮಂಟಪ ನೋಡಿದೆವು. ನಾನು ಹತ್ತಿದ ಮೆಟ್ಟಿಲುಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಅಲ್ಲಿಂದಲೇ ಸ್ವರ್ಗಕ್ಕೆ ಹೋಗಬಹುದಿತ್ತು, ವಿಮಾನದ ಖರ್ಚು ಉಳಿಯುತ್ತಿತ್ತು. ಎಲ್ಲಿ ಹೋದರೂ ಸತ್ತವರೇ. ನೆಲದ ಕೆಳಗೆ ಸತ್ತವರು, ಗೋಡೆಯೊಳಗೆ ಸತ್ತವರು, ಗಾಜಿನ ಪೆಟ್ಟಿಗೆಯಲ್ಲಿ ಸತ್ತವರು. ‘ಬದುಕಿರೋರು ಎಲ್ಲವರೆ ಈ ದೇಶದಲ್ಲಿ?’ ಎಂದು ನಾನು ಕೇಳಿದರೆ ನಮ್ಮನ್ನು ಕರೆದೊಯ್ಯುತ್ತಿದ್ದ ದಿವಾಕರ ನಗುತ್ತಿದ್ದ. ನಡುವಯಸ್ಸಿನ ಒಳ್ಳೆಯ ಮನುಷ್ಯ, ಅಲ್ಲಿಯ ಮಾತು ಬಲ್ಲವನು.

ನಂಜಮ್ಮ ಮಾತ್ರ ನಗುತ್ತಿರಲಿಲ್ಲ. ಅವಳು ಬಂದದ್ದು ಊರು ನೋಡುವುದಕ್ಕಲ್ಲ. ಚಳಿಗೆಂದು ತಲೆಗೆ ಶಾಲು ಸುತ್ತಿಕೊಂಡರೂ ಅವಳ ಕಿವಿಗಳು ಆಚೆಗೆ ಚಾಚಿಕೊಂಡೇ ಇರುತ್ತಿದ್ದವು. ಚಿಕ್ಕಂದಿನಿಂದ ನಾನು ಅವಳನ್ನು ಮೊರದ ಕಿವಿ ಎಂದೇ ಕರೆದವಳು. ‘ನಂಜಿ, ಗಾಳಿ ಜೋರಾಗದೆ, ಕಿವಿ ಮುಚ್ಕೊ. ಹಾರ್ಕೊಂಡು ಊರಿಗೆ ಹೋಗ್ಬುಟ್ಟೀಯ,’ ಎಂದರೆ, ‘ನಿನ್ನ ನಾಲಿಗೆ ಕಟ್ಕೊಂಡು ಹೋಯ್ತೀನಿ ಬುಡೆ, ಭಾರಕ್ಕೆ ಇರ್ಲಿ,’ ಎನ್ನುತ್ತಿದ್ದಳು. ಹಾಗೆ ಹೇಳುವಾಗಲೂ ಅವಳ ಕೈ ಸೆರಗಿನ ತುದಿಯ ಗಂಟನ್ನು ಮುಟ್ಟಿ ನೋಡಿಕೊಳ್ಳುತ್ತಿತ್ತು. ಆ ಗಂಟಿನೊಳಗೆ ಅವಳ ಅವ್ವನ ತಾಳಿಯಿತ್ತು.

ಅವಳದು ಹೂವಾಡಿಗರ ಮನೆ. ಅಪ್ಪ ಮುದ್ದಯ್ಯ ಯಾವುದೋ ಯುದ್ಧಕ್ಕೆ ಸಿಪಾಯಿಯಾಗಿ ಹೋದಾಗ ನಂಜಮ್ಮ ತೊಟ್ಟಿಲ ಕೂಸು. ಇಟಲಿ ಎಂಬಲ್ಲಿ ಸತ್ತುಹೋದ ಎಂದು ಸರ್ಕಾರದಿಂದ ಸುದ್ದಿ ಬಂತು. ಅವ್ವ ತಾಯಮ್ಮನ ಕೊರಳಿನ ತಾಳಿ ಬಿಚ್ಚಿಸಿದರು, ಬಳೆ ಒಡೆದರು, ಮುಡಿಯ ಹೂ ಕಿತ್ತರು. ಮರುವಾರವೇ ಆಕೆ ಹೂವಿನ ಬುಟ್ಟಿಯ ಮುಂದೆ ಕೂತಳು, ಹೊಟ್ಟೆ ಕೇಳಬೇಕಲ್ಲ. ದಾರದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಆಕೆ ಕಟ್ಟಿದ ಹೂವನ್ನು ಒಂದರ ಹಿಂದೊಂದು ಇಟ್ಟರೆ ಭೂಮಿಗೆ ಏಳು ಸುತ್ತು ಬರುತ್ತಿತ್ತು. ನಮ್ಮೂರಿನ ಮದುವೆ ಹೆಣ್ಣುಗಳೆಲ್ಲ ಮುಡಿದದ್ದು ಆಕೆಯ ಕೈಯ ಹೂವನ್ನೇ. ಆಕೆಯ ಮುಡಿಗೆ ಮಾತ್ರ ಸಾಯುವ ತನಕ ಒಂದು ಎಸಳೂ ಏರಲಿಲ್ಲ. ‘ನನ್ನ ಪಟಕ್ಕೂ ಹೂ ಹಾಕ್ಬೇಡ, ಅಭ್ಯಾಸ ತಪ್ಪೋಗದೆ. ಈ ತಾಳೀನ ಅವರು ಮಲಗಿರೋ ಮಣ್ಣಿಗೆ ಸೇರ್ಸು. ಅವರ ಕೈಗೇ ಕೊಟ್ಟಂಗಾಯ್ತದೆ,’ ಎಂದು ಹೇಳಿ ಕಣ್ಣು ಮುಚ್ಚಿದಳು. ನಂಜಮ್ಮ ಈ ಮಾತನ್ನು ಹೊತ್ತುಕೊಂಡು ಸಮುದ್ರ ದಾಟಿ ಬಂದಿದ್ದಳು.

ಬೆಟ್ಟದ ತಲೆಯ ಮೇಲೆ ಕೂತಿದ್ದ ಆ ಹಳೆಯ ಊರಿನ ಆಚೆಗೆ ಸಿಪಾಯಿಗಳನ್ನು ಹೂಳಿದ ಬಯಲಿದೆ ಎಂದು ದಿವಾಕರ ವಿಚಾರಿಸಿಟ್ಟಿದ್ದ. ಬರಿಗೈಯಲ್ಲಿ ಹೋಗುವುದು ಹೇಗೆಂದು ಹೂ ಹುಡುಕಿದೆವು. ಕೆಂಚಮ್ಮ ಬಸ್ಸಿನಲ್ಲೇ ಉಳಿದಳು. ಚೌಕದ ಮೂಲೆಯ ಕೈಗಾಡಿಯಲ್ಲಿ ಸೇವಂತಿಗೆ ರಾಶಿ ಬಿದ್ದಿತ್ತು. ಗಾಡಿಯ ಬಳಿ ಯಾರೂ ಕಾಣಲಿಲ್ಲ. ಹೂವಾಡಿಗರ ಮಗಳು ಹೂವಿನ ಮುಂದೆ ಸುಮ್ಮನೆ ನಿಲ್ಲುತ್ತಾಳೆಯೇ? ನಂಜಮ್ಮ ಒಂದನ್ನು ತನ್ನ ಮುಡಿಗೆ ಇಟ್ಟುಕೊಂಡಳು, ಒಂದನ್ನು ವಿಶಾಲಾಕ್ಷಿಗೆ ಕೊಟ್ಟಳು, ಇನ್ನೊಂದನ್ನು ಎತ್ತಿ ನನ್ನ ಕಡೆಗೆ ಬಂದಳು.

‘ಬ್ಯಾಡ ಕಣೆ. ನನ್ನ ಗಂಡ ಮೇಲಿಂದ ನೋಡ್ತಾ ಅವ್ರೆ.’

‘ನಿನ್ನ ಗಂಡಂಗೆ ಬದುಕಿದ್ದಾಗ್ಲೇ ದೂರದ್ದು ಕಾಣ್ತಿರ್ಲಿಲ್ಲ. ಬಗ್ಗು.’

ಬಗ್ಗಿದೆ. ಎಷ್ಟೋ ವರ್ಷದ ಮೇಲೆ ತಲೆಯ ಮೇಲೆ ಆ ತಣ್ಣನೆಯ ಭಾರ. ಆಗಲೇ ಆ ಗಂಡಸರು ಟೋಪಿ ತೆಗೆದದ್ದು.

ನನ್ನ ಚೆಲುವಿಗೆ ಮರುಳಾದರು ಎಂದು ನಾನು ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ದಿವಾಕರ ಬಿಳಿಚಿಕೊಂಡು ಓಡಿಬಂದ. ‘ಅಮ್ಮ, ತೆಗೀರಿ. ಈ ದೇಶದಲ್ಲಿ ಇದು ಸಮಾಧಿಗೆ ಇಡೋ ಹೂವು. ಸತ್ತೋರಿಗೆ ಬಿಟ್ಟು ಇನ್ಯಾರಿಗೂ ಕೊಡಲ್ಲ. ಇವತ್ತು ಸತ್ತೋರ ಹಬ್ಬ ಬೇರೆ.’

ವಿಶಾಲಾಕ್ಷಿ ಕೈಗೆ ಹಾವು ಸಿಕ್ಕವಳ ಹಾಗೆ ಹೂ ಕಿತ್ತು ಬಿಸಾಕಿದಳು. ‘ಬುಡಪ್ಪ, ವಿಧವೆ ಮುಡಿಯೋಕೆ ಇದೇ ಸರಿಯಾದ ಹೂವು,’ ಎಂದು ನಾನು ಇನ್ನೂ ಏನೋ ಹೇಳುವವಳಿದ್ದೆ. ಆದರೆ ನಂಜಮ್ಮ ನಮ್ಮ ಮಾತು ಕೇಳುತ್ತಿರಲಿಲ್ಲ. ಗಾಡಿಯ ಹಿಂಬದಿಯನ್ನೇ ನೋಡುತ್ತಿದ್ದಳು.

ಗಾಡಿಯವಳು ಅಲ್ಲೇ ನೆಲಮಟ್ಟದ ಮಣೆಯ ಮೇಲೆ ಕೂತಿದ್ದಳು. ನಮಗಿಂತ ತುಸು ಚಿಕ್ಕವಳು, ತಲೆಗೆ ಕಪ್ಪು ಬಟ್ಟೆ ಕಟ್ಟಿದ್ದಳು. ಹಲ್ಲು ಕಟಕಟ ಎನ್ನುವ ಆ ಚಳಿಯಲ್ಲಿ ಒಂದು ಕಾಲಿನ ಬೂಟು, ಕಾಲುಚೀಲ ಬಿಚ್ಚಿ ಪಕ್ಕಕ್ಕಿಟ್ಟಿದ್ದಳು. ದಾರದ ತುದಿ ಅವಳ ಹೆಬ್ಬೆರಳಿಗೆ ಸಿಕ್ಕಿಕೊಂಡಿತ್ತು. ಅವಳು ಹೂ ಕಟ್ಟುತ್ತಿದ್ದಳು.

ಆ ದೇಶದಲ್ಲಿ ನಾವು ಕಂಡ ಹೂವೆಲ್ಲ ಕಡ್ಡಿ ಸಮೇತ ಗೊಂಚಲು. ಕಟ್ಟಿದ ಹೂ ಎಲ್ಲಿಯೂ ಕಂಡಿರಲಿಲ್ಲ. ನಂಜಮ್ಮ ಕುಕ್ಕರುಗಾಲಲ್ಲಿ ಕೂತು ಅವಳ ಬೆರಳನ್ನೇ ನೋಡಿದಳು. ಮಿಕ್ಕವರು ಬಲಕ್ಕೆ ಸುತ್ತಿ ಗಂಟು ಹಾಕಿದರೆ ನಂಜಮ್ಮನ ಮನೆಯವರು ಎಡಕ್ಕೆ ಸುತ್ತಿ, ದಾರವನ್ನು ಹೂವಿನ ಕತ್ತಿನಡಿ ತೂರಿಸಿ ಎಳೆಯುತ್ತಾರೆ. ಆ ಹೆಂಗಸು ಎಡಕ್ಕೆ ಸುತ್ತಿದಳು, ತೂರಿಸಿದಳು, ಎಳೆದಳು.

‘ದಿವಾಕರಪ್ಪ,’ ಎಂದಳು ನಂಜಮ್ಮ, ತಲೆ ಎತ್ತದೆ. ‘ಇದನ್ನ ಯಾರು ಕಲ್ಸಿದ್ರು ಅಂತ ಕೇಳು.’

ಅವನು ಕೇಳಿದ. ಹೆಂಗಸು ನಮ್ಮ ಸೀರೆಗಳನ್ನು ನೋಡಿದಳು, ನನ್ನ ಮುಡಿಯ ಹೂ ನೋಡಿದಳು. ಅವಳ ಮುಖ ಅರಳಿತು, ಒಮ್ಮೆಗೇ ಬಹಳ ಮಾತಾಡಿದಳು. ದಿವಾಕರ ತಡೆತಡೆದು ಹೇಳಿದ: ‘ಅವರಪ್ಪ ಕಲಿಸಿದ್ದಂತಮ್ಮ. ನಿಮ್ಮ ಹಾಗೇ ಕಂದು ಬಣ್ಣದ ಮನುಷ್ಯ. ಯುದ್ಧದಲ್ಲಿ ಗಾಯ ಆಗಿ ಇವರಜ್ಜನ ಕೊಟ್ಟಿಗೇಲಿ ಅಡಗಿದ್ದನಂತೆ, ಆಮೇಲೆ ಇಲ್ಲೇ ಉಳಿದುಬಿಟ್ಟನಂತೆ. ಮದುವೆಯಾದ ಹೊಸದರಲ್ಲಿ ಹೆಂಡತಿ ಮುಡಿಗೆ ಇದೇ ಹೂ ಇಟ್ಟು ಊರೆಲ್ಲ ಗಲಾಟೆ ಆಗಿತ್ತಂತೆ. ಅವರಮ್ಮನ್ನ ಬಿಟ್ರೆ ಈ ಹೂ ಮುಡಿದೋರು ನೀವೇ ಅಂತೆ. ಬನ್ನಿ, ಅಪ್ಪನ್ನ ತೋರಿಸ್ತೀನಿ ಅಂತಿದಾರೆ.’

ಬೇಡ ಎಂದು ಹೇಳಬೇಕಿತ್ತು. ಹೇಳದೆ ಅವಳ ಹಿಂದೆಯೇ ನಡೆದೆವು.

ಅದು ಸಿಪಾಯಿಗಳ ಬಯಲಲ್ಲ, ಊರವರದೇ ಸ್ಮಶಾನ. ಅಲ್ಲಿ ಸಮಾಧಿಯ ಕಲ್ಲಿಗೆ ಸತ್ತವರ ಫೋಟೋವನ್ನು ಪಿಂಗಾಣಿಯ ಬಿಲ್ಲೆಯ ಮೇಲೆ ಅಚ್ಚುಹಾಕಿ ಕೂರಿಸಿರುತ್ತಾರೆ. ಓದು ಬಾರದ ನನ್ನಂಥವಳೂ ಅಲ್ಲಿ ಓದಬಹುದು. ಕಲ್ಲಿನೊಳಗಿಂದ ಒಬ್ಬ ಮುದುಕ ನೋಡುತ್ತಿದ್ದ. ಬಿಳಿ ಮೀಸೆ, ಕೋಟು, ಸುಕ್ಕುಬಿದ್ದ ಕೆನ್ನೆ. ಹಾಸಿಗೆಯಲ್ಲಿ ಮಲಗಿ, ಮಕ್ಕಳ ಕೈಯಲ್ಲಿ ಗಂಜಿ ಕುಡಿದು ಸತ್ತವನ ಮುಖ. ತಲೆಯ ಎರಡೂ ಬದಿಗೆ ಮೊರದಂಥ ಕಿವಿಗಳು. ಹೂವಿನವಳು ಕಲ್ಲಿನ ದೂಳು ಒರೆಸಲು ಬಗ್ಗಿದಳು, ತಲೆಯ ಬಟ್ಟೆ ಜಾರಿತು. ಅವಳಿಗೂ ಅವೇ ಕಿವಿಗಳು. ನಾನು ಕಣ್ಣು ತಪ್ಪಿಸಿದೆ. ಬಾಳೆಲ್ಲ ಆಡಿಕೊಂಡ ಕಿವಿಗಳು ಮೂರು ಜೊತೆಯಾಗಿ ನನ್ನ ಮುಂದೆ ನಿಂತಿದ್ದವು.

ನಂಜಮ್ಮ ಅಳಲಿಲ್ಲ. ‘ಅವರಿಗೆ ಊರಲ್ಲಿ ಯಾರೂ ಇರ್ಲಿಲ್ವಂತಾ, ಕೇಳು,’ ಎಂದಳು.

ದಿವಾಕರನಿಗೂ ಅಷ್ಟು ಹೊತ್ತಿಗೆ ಅರ್ಥವಾಗಿತ್ತು. ಕೇಳಿದ, ಉತ್ತರ ಕೇಳಿಸಿಕೊಂಡು ನಂಜಮ್ಮನ ಕಡೆಯಿಂದ ಮುಖ ತಿರುಗಿಸಿದ.

‘ಹೇಳಪ್ಪ. ಇಷ್ಟು ದೂರ ಬಂದಿದ್ದೀನಿ.’

‘ಹೆಂಡತಿ, ಒಂದು ಹಸುಗೂಸು ಇದ್ದರಂತಮ್ಮ. ಪ್ಲೇಗಿಗೆ ಇಬ್ಬರೂ ತೀರಿಹೋದರು ಅಂತ ಅವರಪ್ಪ ಹೇಳ್ತಿದ್ದನಂತೆ. ಅದಕ್ಕೇ ವಾಪಸ್ ಹೋಗಲಿಲ್ಲವಂತೆ. ಪ್ರತಿ ವರ್ಷ ಈ ದಿನ ಅವರ ಹೆಸರಲ್ಲಿ ಎರಡು ಹಾರ ಕಟ್ಟಿ ಈ ಸ್ಮಶಾನದ ಗೋಡೆಗೆ ಹಾಕ್ತಿದ್ದನಂತೆ. ಅವನು ಹೋದ ಮೇಲೆ ಇವರು ನಡೆಸಿಕೊಂಡು ಬಂದಿದಾರೆ.’

ಹೂವಿನವಳು ಬುಟ್ಟಿಯಿಂದ ಆಗ ತಾನೇ ಕಟ್ಟಿ ಮುಗಿಸಿದ್ದ ಹಾರಗಳನ್ನು ತೆಗೆದಳು. ಒಂದು ದೊಡ್ಡದು. ಇನ್ನೊಂದು ತೊಟ್ಟಿಲ ಕೂಸಿನ ಕೊರಳಿಗೆ ಆಗುವಷ್ಟು. ಗೋಡೆಯಲ್ಲಿ ತುಕ್ಕು ಹಿಡಿದ ಎರಡು ಮೊಳೆಗಳಿದ್ದವು. ಇತ್ತ ತಾಯಮ್ಮ ಅವನು ಸತ್ತನೆಂದು ಮುಡಿ ಬರಿದು ಮಾಡಿಕೊಂಡು ಹೂ ಕಟ್ಟುತ್ತಿದ್ದಳು. ಅತ್ತ ಅವನು ತಾಯಮ್ಮನನ್ನೂ ಮಗಳನ್ನೂ ಕೊಂದು ಅವರಿಗೆ ಹೂ ಕಟ್ಟುತ್ತಿದ್ದ. ಇಬ್ಬರ ಕೈಯಲ್ಲೂ ಅದೇ ಗಂಟು.

‘ನೀವು ಅಪ್ಪನ ಊರಿನೋರಾ, ಆ ತಾಯಿ ಮಗೂನ ಬಲ್ಲಿರಾ ಅಂತ ಕೇಳ್ತಿದಾರೆ,’ ಎಂದ ದಿವಾಕರ, ನೆಲ ನೋಡುತ್ತ. ‘ಏನು ಹೇಳಲಮ್ಮ?’

ನಂಜಮ್ಮ ಆ ಹೆಂಗಸನ್ನು ಬಹಳ ಹೊತ್ತು ನೋಡಿದಳು. ಚಳಿಗೆ ಒಡೆದ ಅವಳ ಬೆರಳುಗಳು, ಹೂವಿನ ರಸ ಅಂಟಿ ಕಪ್ಪಾದ ಉಗುರುಗಳು.

‘ಬಲ್ಲೆವು ಅನ್ನು. ಸತ್ತೋಗಿದ್ದು ದಿಟ ಅನ್ನು. ಇಬ್ಬರೂವೆ.’

ಆಮೇಲೆ ಕೈ ಚಾಚಿ ಚಿಕ್ಕ ಹಾರವನ್ನು ತೆಗೆದುಕೊಂಡಳು. ಮೊಳೆಗೆ ಹಾಕುತ್ತಾಳೆಂದು ನಾವು ತಿಳಿದೆವು. ಶಾಲು ಹಿಂದಕ್ಕೆ ಸರಿಸಿ ಅದನ್ನು ತನ್ನ ತುರುಬಿಗೆ ಸುತ್ತಿಕೊಂಡಳು. ಹೂವಿನವಳು ತಡೆಯಲು ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಅವಳ ಕಣ್ಣು ನಂಜಮ್ಮನ ಕಿವಿಯ ಮೇಲಿತ್ತು.

‘ನೀವೆಲ್ಲ ಆಚೆ ಹೋಗ್ರೇ,’ ಎಂದಳು ನಂಜಮ್ಮ. ‘ದಿವಾಕರಪ್ಪ, ನೀನೂ ಹೋಗು.’

‘ಮಾತು ಬರಲ್ವಲ್ಲೇ ನಿಮ್ಮಿಬ್ರಿಗೂ,’ ಎಂದೆ ನಾನು.

‘ಮಾತೇನ್ ಮಾಡದು?’

ಗೇಟಿನ ಹೊರಗೆ ನಿಂತೆವು. ನಂಜಮ್ಮ ಹೊರಗೆ ಬಂದಾಗ ಸೆರಗಿನ ಗಂಟು ಬಿಚ್ಚಿಹೋಗಿತ್ತು, ತುದಿಯಲ್ಲಿ ಮುದುರಿನ ಗುರುತು ಮಾತ್ರ ಉಳಿದಿತ್ತು. ಹೂವಿನವಳು ಒಳಗೇ ಉಳಿದಳು. ಬಸ್ಸು ಬೆಟ್ಟ ಇಳಿಯುವಾಗ ಎಡಕ್ಕೆ ಸಿಪಾಯಿಗಳ ಬಯಲು ಕಂಡಿತು. ನಂಜಮ್ಮ ಅತ್ತ ತಿರುಗಲಿಲ್ಲ. ದಾರಿಯುದ್ದಕ್ಕೂ ಅವಳ ತುರುಬಿನಿಂದ ಎಸಳು ಉದುರುತ್ತಿದ್ದವು. ಕೆಂಚಮ್ಮ ಏನಾಯಿತೆಂದು ಕೇಳಿದಳು. ನಾನು ಮೊದಲ ಸಲ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಅವಳು ನಂಬಲಿಲ್ಲ.

ತಾಳಿ ಏನಾಯಿತು ಎಂದು ನಾವು ಮೂವರೂ ಕಟ್ಟೆಯ ಮೇಲೆ ಕೂತು ಎಷ್ಟೋ ಸಲ ಮಾತಾಡಿದ್ದೇವೆ. ಹೇಗಿದ್ದರೂ ಗಂಡ, ಸಮಾಧಿಯ ಮೇಲೇ ಇಟ್ಟಿರುತ್ತಾಳೆ ಎನ್ನುತ್ತಾಳೆ ವಿಶಾಲಾಕ್ಷಿ. ಕಣಿವೆಗೆ ಎಸೆದಿರುತ್ತಾಳೆ ಎನ್ನುತ್ತಾಳೆ ಕೆಂಚಮ್ಮ. ತಂಗಿಯ ಕೈಗೆ ಕೊಟ್ಟಿರುತ್ತಾಳೆ ಎಂದು ನನಗೆ ಅನ್ನಿಸಿತ್ತು. ನಂಜಮ್ಮನನ್ನು ಕೇಳಿದರೆ, ‘ನೀನು ಕತೆ ಕಟ್ಟೋಳಲ್ವೇ, ಕಟ್ಕೊ,’ ಎಂದಳು.

ಊರಿಗೆ ಬಂದ ಮೇಲೆ ಒಮ್ಮೆ ಅವಳ ಮನೆಗೆ ಹೋದೆ. ಅವಳು ಒಳಗೆ ಕಾಫಿ ಕಾಸುತ್ತಿದ್ದಳು. ಗೋಡೆಯ ಮೇಲೆ ಅಷ್ಟು ವರ್ಷ ಬೋಳಾಗಿ ತೂಗಿದ ತಾಯಮ್ಮನ ಪಟಕ್ಕೆ ಅಂದು ಹೂವಿತ್ತು. ಎಡಕ್ಕೆ ಸುತ್ತಿ ಕಟ್ಟಿದ ಹಳದಿ ಸೇವಂತಿಗೆ, ಮುಡಿಯಿಂದ ಇಳಿದು ಕೊರಳು ಮುಚ್ಚುವಷ್ಟು ದಟ್ಟವಾಗಿ. ಕಿಟಕಿಯ ಗಾಳಿಗೆ ಹೂವು ಅಲ್ಲಾಡಿದಾಗ ಅದರಡಿಯಲ್ಲಿ ಏನೋ ಗಾಜಿಗೆ ತಗುಲಿ ಸಣ್ಣಗೆ ಸದ್ದಾಯಿತು. ಪಟದ ತಗಡಿರಬಹುದು, ಮೊಳೆಯಿರಬಹುದು. ಕೈ ಎತ್ತಿ ಹೂ ಸರಿಸಿ ನೋಡಬಹುದಿತ್ತು. ನಾನು ನೋಡಲಿಲ್ಲ. ಇಷ್ಟು ಹೊತ್ತು ನಾನು ಹೇಳಿದೆ, ನೀವು ಕೇಳಿದಿರಿ. ಈಗ ನೀವು ಹೇಳಿ, ಆ ಹೂವಿನ ಅಡಿಯಲ್ಲಿ ಏನಿತ್ತು?