ಕಂಬಕ್ಕೆ ಒರೆಸಿದ ಸುಣ್ಣ

ಯುದ್ಧ ಮುಗಿದು ಪಟಾಲಮ್ಮಿನ ಬಟ್ಟೆ ಹೊಲಿಯುವ ಕೆಲಸ ನಿಂತಾಗ ನಮ್ಮ ಹಲಸೂರಿನ ದರ್ಜಿ ಚಿನ್ನಪ್ಪ ದಿವಾಳಿಯಾದ. ಸಾಲವನ್ನು ತಿಂಗಳ ಕಂತಿನಲ್ಲಿ ತೀರಿಸಬೇಕು, ಒಂದು ತಪ್ಪಿದರೂ ಹೊಲಿಗೆ ಮಿಷನ್ನು ಹರಾಜು ಎಂದಿತು ಕೋರ್ಟು.

ಕಂತು ಕೊಡುತ್ತಿದ್ದವಳು ಅವನ ಹೆಂಡತಿ, ನನ್ನ ಪಕ್ಕದ ಮನೆಯ ಮುನಿಗಂಗಮ್ಮ. ಸಾಲ ಕೊಟ್ಟ ಸಾಹುಕಾರನ ಕಡೆಯಿಂದ ವಸೂಲಿಗೆ ಬರುತ್ತಿದ್ದ ಗುಮಾಸ್ತ ವರದಪ್ಪನ ಬೆರಳು ಒಂದೊಂದೂ ಬಾಳೆಕಾಯಿ ಗಾತ್ರ. ರಸೀದಿ ಕೇಳಿದರೆ ‘ನಾಳೆ’ ಅನ್ನುತ್ತಿದ್ದ. ದುಡ್ಡು ಕೊಟ್ಟ ದಿನ ಮಾತ್ರ ಅವಳು ಅವನಿಗೆ ಎಲೆ ಅಡಿಕೆ ಕೊಡುತ್ತಿದ್ದಳು. ಅವನು ಬೆರಳಲ್ಲಿ ಮಿಕ್ಕ ಸುಣ್ಣವನ್ನು ಜಗಲಿಯ ಕಂಬಕ್ಕೆ ಒರೆಸಿ ಹೋಗುತ್ತಿದ್ದ.

"ಹಲಸೂರು ಕೆರೆ ಕೊಕ್ಕರೆಯೆಲ್ಲ ಇಲ್ಲೇ ಕೂತೆದ್ದಂಗೈತೆ, ಕಂಬ ತೊಳಿಯೇ ಸೋಮಾರಿ!" ಎಂದು ನಾನು ರೇಗಿಸಿದರೆ ಸುಮ್ಮನೆ ನಗುತ್ತಿದ್ದಳು.

ಕೊನೆಯ ಕಂತು ಇಸಿದುಕೊಂಡ ವರದಪ್ಪ, "ಇನ್ನೂ ಒಂದು ಬಾಕಿ ಐತಲ್ಲಮ್ಮ. ಮಿಷನ್ ಹೋಯ್ತು ಅಂದ್ಕೋ," ಎಂದ.

ಮುನಿಗಂಗಮ್ಮ ಬೀದಿಯವರನ್ನೆಲ್ಲ ಕರೆದು ಕಂಬ ತೋರಿಸಿದಳು. "ಎಣಿಸ್ಕೊಳ್ಳಿ ಸ್ವಾಮಿ, ಇವತ್ತಿನ ಕಂತೊಂದು ಸೇರಿಸ್ಕೊಂಡು. ದುಡ್ಡು ಇಸ್ಕೊಳ್ದೆ ಯಾವತ್ತಾದ್ರೂ ನಮ್ಮನೇಲಿ ಎಲೆ ಹಾಕಿದ್ದೀರಾ? ಇದು ನಿಮ್ಮ ಬೆರಳೇ ಅಲ್ವಾ?"

ಮೂರು ಲೋಕದಲ್ಲಿ ಅಂಥ ಬೆರಳು ಇನ್ಯಾರಿಗಿತ್ತು! ವರದಪ್ಪ ಎಣಿಸಿದ, ಬೆವರಿದ, ಅಲ್ಲೇ ಕುಳಿತು ರಸೀದಿಗಳನ್ನೆಲ್ಲ ಬರೆದುಕೊಟ್ಟ.

ಅವಳು ಮರ್ಯಾದೆಯಾಗಿ ಎಲೆ ಅಡಿಕೆ ಕೊಟ್ಟಳು. ವರದಪ್ಪ ಕಂಬದತ್ತ ಚಾಚಿದ ಬೆರಳನ್ನು ಹಿಂದಕ್ಕೆಳೆದು ತನ್ನ ಪಂಚೆಗೇ ಒರೆಸಿಕೊಂಡ.